ಓಡುವ ಕಳ್ಳನ ಬೆನ್ನು, ದೇಶಕ್ಕೊಂದು ಕಾನೂನು

ವಾಟ್ಸಾಪ್‌ನಲ್ಲಿ ವರ್ಷಗಟ್ಟಲೆಯಿಂದ ಸಾಯದೆ ಸುತ್ತುತ್ತಿರುವ ಒಂದು ಸಂದೇಶವಿದೆ. ಸರ್ಕಾರ ಹೊಸ ಕಾನೂನು ತಂದಿದೆ, ಐಪಿಸಿ ಸೆಕ್ಷನ್ 233ರ ಪ್ರಕಾರ ಅತ್ಯಾಚಾರಕ್ಕೆ ಬಂದವನನ್ನು ಹೆಣ್ಣು ಕೊಂದರೂ ಆಕೆಯ ಮೇಲೆ ಕೊಲೆ ಕೇಸು ಬೀಳುವುದಿಲ್ಲ, ಎಲ್ಲರಿಗೂ ತಿಳಿಸಿ ಎಂಬ ಒಕ್ಕಣೆ ಅದರದ್ದು. ಐಪಿಸಿಯಲ್ಲಿ 233ನೇ ಸೆಕ್ಷನ್ ಇದ್ದದ್ದು ಖೋಟಾ ನಾಣ್ಯ ಮಾಡುವ ಉಪಕರಣಗಳ ಬಗ್ಗೆ. ವಿಚಿತ್ರವೆಂದರೆ, ಸಂದೇಶ ಸುಳ್ಳಾದರೂ ಅದು ಹೇಳುವ ಹಕ್ಕು ಸುಳ್ಳಲ್ಲ. ಅದು ಹೊಸದೂ ಅಲ್ಲ. 1860ರಿಂದ ಐಪಿಸಿಯ 100ನೇ ಸೆಕ್ಷನ್ನಿನಲ್ಲಿತ್ತು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ 38ನೇ ಸೆಕ್ಷನ್ನಿಗೆ ಬಂದು ಕೂತಿದೆ. ಸಂದೇಶದಲ್ಲಿ ನಿಜವಾಗಿ ಅಪಾಯಕಾರಿಯಾದ ಸುಳ್ಳು ಸೆಕ್ಷನ್ ನಂಬರಲ್ಲ, 'ಕೇಸು ಬೀಳುವುದಿಲ್ಲ' ಎಂಬ ಮಾತು. ಕೇಸು ಬೀಳುತ್ತದೆ. ಎಫ್‌ಐಆರ್ ಆಗುತ್ತದೆ, ಬಂಧನವೂ ಆಗಬಹುದು. ಹಕ್ಕಿನ ಮಾತು ಬರುವುದು ಆಮೇಲೆ.

ಆತ್ಮರಕ್ಷಣೆಯ ಕಾನೂನುಗಳನ್ನು ದೇಶ ದೇಶಗಳ ನಡುವೆ ಹೋಲಿಸುವಾಗ ನಾವು ಸಾಮಾನ್ಯವಾಗಿ ಎಡವುವುದೂ ಇಲ್ಲೇ. 'ಅಲ್ಲಿ ಕಳ್ಳನಿಗೆ ಗುಂಡು ಹೊಡೆಯಬಹುದಂತೆ, ಇಲ್ಲಿ ಮುಟ್ಟಿದರೂ ಜೈಲಂತೆ' ಎಂದು ಹಕ್ಕಿನ ಉದ್ದಗಲ ಅಳೆಯುತ್ತೇವೆ. ಹಕ್ಕು ಹೆಚ್ಚುಕಡಿಮೆ ಎಲ್ಲ ಕಡೆಯೂ ಇದೆ. ಅಕ್ರಮವಾದ ಹಲ್ಲೆ ನಡೆಯುತ್ತಿರಬೇಕು ಅಥವಾ ಇನ್ನೇನು ನಡೆಯುವುದರಲ್ಲಿರಬೇಕು, ಅದನ್ನು ತಡೆಯಲು ಬಲಪ್ರಯೋಗ ಬೇಕೇ ಬೇಕಿತ್ತು ಎನ್ನುವಂತಿರಬೇಕು. ಇಷ್ಟನ್ನು ಒಪ್ಪದ ದೇಶ ಸಿಗುವುದು ಕಷ್ಟ. ಒಬ್ಬ ಮನುಷ್ಯನ ಬದುಕು ಯಾವ ಕಡೆ ವಾಲುತ್ತದೆ ಎಂಬುದನ್ನು ನಿರ್ಧರಿಸುವುದು ಹಕ್ಕು ಕೊಡುವ ಕಲಮಿಗಿಂತ, ಆ ಹಕ್ಕನ್ನು ಒಂದು ಹೆಜ್ಜೆ ಮೀರಿದವನನ್ನು ಏನು ಮಾಡಬೇಕು, ಮೀರಲಿಲ್ಲ ಎಂದು ಯಾರು ಸಾಬೀತು ಮಾಡಬೇಕು ಎಂದು ಹೇಳುವ ಕಲಮುಗಳು. ಅವು ವಾಟ್ಸಾಪ್‌ನಲ್ಲಿ ಓಡಾಡುವುದಿಲ್ಲ.

ಒಂದು ದೃಶ್ಯ ಇಟ್ಟುಕೊಳ್ಳೋಣ. ನಡುರಾತ್ರಿ. ಕಿಟಕಿಯ ಸರಳು ಮುರಿದ ಸದ್ದು. ಮನೆಯವನು ಎದ್ದು ಬರುವಷ್ಟರಲ್ಲಿ ಕಳ್ಳ ಲ್ಯಾಪ್‌ಟಾಪು ಬಗಲಿಗಿಟ್ಟು ಬಂದ ದಾರಿಯಲ್ಲೇ ಹಾರಿ ಓಡುತ್ತಿದ್ದಾನೆ. ಮನೆಯವನ ಕೈಯಲ್ಲಿ ಬಂದೂಕಿದೆ, ಎದುರಿಗೆ ಕಾಣುತ್ತಿರುವುದು ಕಳ್ಳನ ಬೆನ್ನು.

ಭಾರತದಲ್ಲಿ ಮನೆಯವನು ಓದಬೇಕಾದದ್ದು ಎರಡು ಕಲಮು. ನ್ಯಾಯ ಸಂಹಿತೆಯ 41ನೇ ಸೆಕ್ಷನ್ ಉದಾರವಾಗಿದೆ: ಸುಲಿಗೆ, ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ಮನೆ ಒಡೆದು ನುಗ್ಗುವುದು, ವಾಸದ ಮನೆಗೆ ಬೆಂಕಿ ಇಡುವುದು, ಸಾವಿನ ಅಥವಾ ತೀವ್ರ ಗಾಯದ ಭಯ ಹುಟ್ಟಿಸುವಂಥ ಕಳವು, ಇಂಥ ಸಂದರ್ಭಗಳಲ್ಲಿ ಆಸ್ತಿ ಉಳಿಸಿಕೊಳ್ಳುವ ಹಕ್ಕು ಎದುರಾಳಿಯ ಪ್ರಾಣ ತೆಗೆಯುವವರೆಗೂ ಹೋಗುತ್ತದೆ. ಆದರೆ 43ನೇ ಸೆಕ್ಷನ್ ಗಡಿಯಾರ ಹಿಡಿದು ನಿಂತಿದೆ. ಮನೆ ಒಡೆದವನ ವಿರುದ್ಧದ ಆ ದೊಡ್ಡ ಹಕ್ಕು ಅವನ ಅತಿಕ್ರಮ ಪ್ರವೇಶ ಮುಂದುವರಿದಿರುವವರೆಗೆ ಮಾತ್ರ. ಅವನು ಕಿಟಕಿ ಹಾರಿದ ಮೇಲೆ ಉಳಿಯುವುದು ಬರಿಯ ಕಳವು. ಬೆನ್ನಟ್ಟಬಹುದು, ಕೆಡವಬಹುದು, ಲ್ಯಾಪ್‌ಟಾಪು ಕಸಿದುಕೊಳ್ಳಬಹುದು, ಕೊಲ್ಲುವಂತಿಲ್ಲ. ಕಿಟಕಿಯ ಚೌಕಟ್ಟು ಕಾನೂನಿನ ಗೆರೆಯೂ ಆಗಿಬಿಡುತ್ತದೆ.

ಈ ಉದಾರತೆ ಆಕಸ್ಮಿಕವಲ್ಲ. 1837ರಲ್ಲಿ ದಂಡಸಂಹಿತೆಯ ಕರಡು ಬರೆದ ಮೆಕಾಲೆಯ ಆಯೋಗ ತನ್ನ ಟಿಪ್ಪಣಿಯಲ್ಲಿ, ಈ ದೇಶದ ಜನರ ಆತ್ಮರಕ್ಷಣೆಗೆ ನಿರ್ಬಂಧಗಳ ಮೇಲೆ ನಿರ್ಬಂಧ ಹಾಕುವುದಕ್ಕಿಂತ ಅವರಲ್ಲಿ ಗಂಡೆದೆ ತುಂಬುವುದೇ ತಮ್ಮ ಬಯಕೆ ಎಂಬರ್ಥದಲ್ಲಿ ಬರೆದಿತ್ತು. ಆಳುವವನಿಗೆ ತನ್ನ ಪ್ರಜೆಗಳ ಎದೆಗಾರಿಕೆಯ ಬಗ್ಗೆ ಇದ್ದ ಧಿಮಾಕಿನ ಅಭಿಪ್ರಾಯ ಅದು. ಆದರೂ ಅದರಿಂದ ಹುಟ್ಟಿದ ಕಲಮುಗಳು ಇಂಗ್ಲೆಂಡಿನ ಕಾನೂನಿಗಿಂತ ಸ್ಪಷ್ಟವಾಗಿ ಬಂದವು, ಸ್ವಾತಂತ್ರ್ಯ ಬಂದ ಮೇಲೂ ಯಾರೂ ಮುಟ್ಟಲಿಲ್ಲ. ಗಮನಾರ್ಹ ಸೇರ್ಪಡೆ ಎಂದರೆ 2013ರದ್ದು: ಆಸಿಡ್ ದಾಳಿಯನ್ನು ತಡೆಯಲು ದಾಳಿಕೋರನ ಪ್ರಾಣವನ್ನೂ ತೆಗೆಯಬಹುದು ಎಂಬುದು. ಸಂಹಿತೆಯ ಹೆಸರು ಬದಲಾಯಿತು, ನಂಬರು ಬದಲಾಯಿತು, ಒಳಗಿನ ಎಲುಬು ಅದೇ.

ಇದೇ ಓಡುವ ಬೆನ್ನಿಗೆ ಇಂಗ್ಲೆಂಡಿನಲ್ಲಿ ಒಂದು ಪ್ರಸಿದ್ಧ ಮುಖವಿದೆ. 1999ರಲ್ಲಿ ನಾರ್ಫೋಕ್‌ನ ರೈತ ಟೋನಿ ಮಾರ್ಟಿನ್ ತನ್ನ ಒಂಟಿ ಮನೆಗೆ ನುಗ್ಗಿದ ಇಬ್ಬರ ಮೇಲೆ ಗುಂಡು ಹಾರಿಸಿದ. ಹದಿನಾರರ ಹುಡುಗನೊಬ್ಬ ಸತ್ತ. ತೀರ್ಪು ಹೇಳುವ ಜನಸಾಮಾನ್ಯರ ಮಂಡಳಿ, ಅಂದರೆ ಜ್ಯೂರಿ, ಇದು ಕೊಲೆ ಎಂದಿತು, ಜೀವಾವಧಿ ಶಿಕ್ಷೆಯಾಯಿತು. 2001ರಲ್ಲಿ ಅಪೀಲಿನಲ್ಲಿ ಅದು ಕೊಲೆಯಲ್ಲದ ನರಹತ್ಯೆಗೆ ಇಳಿಯಿತು, ಶಿಕ್ಷೆ ಐದು ವರ್ಷವಾಯಿತು. ಇಳಿದದ್ದು ಆತ್ಮರಕ್ಷಣೆಯ ವಾದದಿಂದಲ್ಲ, ಅವನ ಮಾನಸಿಕ ಸ್ಥಿತಿ ಸರಿಯಿರಲಿಲ್ಲ ಎಂಬ ಕಾರಣಕ್ಕೆ. ಪತ್ರಿಕೆಗಳು ವರ್ಷಗಟ್ಟಲೆ ಕೂಗಾಡಿದವು. 2013ರಲ್ಲಿ ಕಾನೂನು ಬಂತು: ಮನೆಯೊಳಗೆ ನುಗ್ಗಿದವನ ಮೇಲೆ ಮನೆಯವನು ಬಳಸಿದ ಬಲ 'ವಿಪರೀತವಾಗಿ ಅತಿಯಾದದ್ದು' ಆಗದ ಹೊರತು ಅದನ್ನು ಸಮಂಜಸವೆಂದು ಪರಿಗಣಿಸಲು ಜ್ಯೂರಿಗೆ ಅವಕಾಶವಿದೆ. ಮೇಲ್ನೋಟಕ್ಕೆ ಭಾರಿ ಸಡಿಲಿಕೆ. ಆದರೆ ಅದು ಪ್ರಾಣಭಯಕ್ಕೆ ಸಿಕ್ಕ ರಿಯಾಯಿತಿ, ಲ್ಯಾಪ್‌ಟಾಪಿಗಲ್ಲ. ಆಸ್ತಿ ಉಳಿಸಿಕೊಳ್ಳಲು ಹೊಡೆದವನಿಗೆ ಹಳೆಯ ಬಿಗಿ ಅಳತೆಯೇ.

ಅಟ್ಲಾಂಟಿಕ್ ದಾಟಿ ಟೆಕ್ಸಾಸ್‌ಗೆ ಹೋದರೆ ಬೆನ್ನು ತಿರುಗಿಸಿದ ಕಳ್ಳನಿಗೂ ರಕ್ಷಣೆ ಇಲ್ಲ. ಅಲ್ಲಿನ ದಂಡಸಂಹಿತೆಯ 9.42ನೇ ಸೆಕ್ಷನ್, ರಾತ್ರಿ ಕಳವು ಮಾಡಿ ಸೊತ್ತಿನೊಂದಿಗೆ ಓಡುತ್ತಿರುವವನನ್ನು ತಡೆಯಲು, ಬೇರೆ ದಾರಿಯಿಲ್ಲ ಎಂದು ಸಮಂಜಸವಾಗಿ ನಂಬಿದಾಗ, ಮಾರಕ ಬಲ ಬಳಸಲು ಬಿಡುತ್ತದೆ. ಕೆಲವು ಸಂದರ್ಭಗಳಲ್ಲಿ ಬೇರೆಯವರ ಆಸ್ತಿಗೂ ಇದು ಅನ್ವಯ. 2007ರಲ್ಲಿ ಪಾಸಡೀನಾ ಎಂಬ ಊರಿನಲ್ಲಿ ಪಕ್ಕದ ಮನೆಗೆ ಕಳ್ಳರು ನುಗ್ಗಿದ್ದನ್ನು ಕಂಡವನೊಬ್ಬ ತುರ್ತು ಸಹಾಯವಾಣಿಗೆ ಫೋನು ಮಾಡಿದ. ಹೊರಗೆ ಹೋಗಬೇಡಿ ಎಂದು ಆ ಕಡೆಯಿಂದ ಮತ್ತೆ ಮತ್ತೆ ಹೇಳುತ್ತಿದ್ದರೂ ಬಂದೂಕು ಹಿಡಿದು ಹೋಗಿ ಇಬ್ಬರನ್ನೂ ಕೊಂದ. ಎಲ್ಲವೂ ಧ್ವನಿಮುದ್ರಣದಲ್ಲಿದೆ. ಮರುವರ್ಷ, ಮೊಕದ್ದಮೆ ನಡೆಯಬೇಕೇ ಎಂದು ಮೊದಲೇ ತೀರ್ಮಾನಿಸುವ ಗ್ರ್ಯಾಂಡ್ ಜ್ಯೂರಿ ಅವನ ಮೇಲೆ ಆರೋಪವನ್ನೇ ಹೊರಿಸಲಿಲ್ಲ.

ಟೆಕ್ಸಾಸ್ ಅಂದರೆ ಹಾಗೆಯೇ ಎಂದು ತಲೆಯಾಡಿಸುವ ಮೊದಲು ಜರ್ಮನಿಯನ್ನೂ ನೋಡಬೇಕು. 'ನ್ಯಾಯವು ಅನ್ಯಾಯಕ್ಕೆ ದಾರಿ ಬಿಡಬೇಕಿಲ್ಲ' ಎಂಬುದು ಅಲ್ಲಿನ ಕಾನೂನು ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಸೂತ್ರ. ದಂಡಸಂಹಿತೆಯ 32ನೇ ಕಲಮು ಕೇಳುವುದು ಒಂದೇ: ಹಲ್ಲೆ ತಡೆಯಲು ಇಷ್ಟು ಬಲ ಅಗತ್ಯವಿತ್ತೇ? ಉಳಿಸಿಕೊಂಡದ್ದಕ್ಕೂ ಕಳೆದದ್ದಕ್ಕೂ ತಾಳೆ ಇದೆಯೇ ಎಂದು ಅದು ಕೇಳುವುದಿಲ್ಲ. 1920ರಲ್ಲಿ ಈ ತರ್ಕ ತುದಿ ಮುಟ್ಟಿತು. ಹಣ್ಣಿನ ತೋಟ ಕಾಯುತ್ತಿದ್ದವನು, ಕೂಗಿದರೂ ನಿಲ್ಲದೆ ಹಣ್ಣಿನೊಂದಿಗೆ ಓಡಿದ ಕಳ್ಳರ ಮೇಲೆ ಗುಂಡು ಹಾರಿಸಿ ಒಬ್ಬನನ್ನು ತೀವ್ರವಾಗಿ ಗಾಯಗೊಳಿಸಿದ. ಸರ್ವೋಚ್ಚ ನ್ಯಾಯಾಲಯ ತಪ್ಪಿಲ್ಲ ಎಂದಿತು. ಇಂದು ಅದೇ ತೀರ್ಪು ಬರಲಾರದು. ಉಳಿಸಿಕೊಂಡದ್ದಕ್ಕೂ ಮಾಡಿದ ಹಾನಿಗೂ ಅಜಗಜಾಂತರವಿದ್ದರೆ ಹಕ್ಕು ಸಿಗದು ಎಂಬ ಮಿತಿಯನ್ನು ನ್ಯಾಯಾಲಯಗಳೂ ವಿದ್ವಾಂಸರೂ ಆಮೇಲೆ ಬೆಳೆಸಿದರು. ಕಲಮಿನ ಅಕ್ಷರ ಮಾತ್ರ ಹಾಗೆಯೇ ಇದೆ. ಬಂದೂಕು ಸುಲಭವಾಗಿ ಸಿಗದ ದೇಶದಲ್ಲಿ ಇಂಥ ಕಲಮು ಬದುಕಿರುವುದು ಸಾಧ್ಯವಾಯಿತೇನೋ ಎಂಬುದು ನನ್ನ ಊಹೆ.

ಬಲೆ ಒಡ್ಡಿದವರು

ಆಸ್ತಿಯ ಬೆಲೆ ಎಷ್ಟು ಎಂಬ ಪ್ರಶ್ನೆಗೆ ಮೂರು ನ್ಯಾಯಾಲಯಗಳು ಒಂದೇ ದಶಕದ ಆಸುಪಾಸಿನಲ್ಲಿ ಕೊಟ್ಟ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡುವಂತಿದೆ. ಮೂರರಲ್ಲೂ ಹೊಡೆದದ್ದು ಮನುಷ್ಯನಲ್ಲ, ಅವನು ಕಟ್ಟಿಟ್ಟು ಹೋದ ಬಲೆ.

ಮೊದಲನೆಯದು ಭಾರತದ್ದು. ಬಿಹಾರದಲ್ಲಿ ಒಬ್ಬ ಮಹಿಳೆಯ ಮನೆಯ ಕಕ್ಕಸಿನ ಗೋಡೆ ಬಿದ್ದುಹೋಗಿತ್ತು. ಮರೆಯಿಲ್ಲದ್ದರಿಂದ ಆಕೆ ಪಕ್ಕದ ಮನೆಯವನ ಕಕ್ಕಸು ಬಳಸತೊಡಗಿದಳು. ಅವನಿಗೆ ಅದು ಸಹಿಸಲಿಲ್ಲ. ಕಕ್ಕಸಿಗೆ ಹೋಗುವ ದಾರಿಯಲ್ಲಿ ಬೆತ್ತಲೆ ತಾಮ್ರದ ತಂತಿ ಕಟ್ಟಿ ವಿದ್ಯುತ್ ಹರಿಸಿದ, ಎಚ್ಚರಿಕೆಯ ಫಲಕ ಕೂಡ ಹಾಕಲಿಲ್ಲ. ಕೈ ತಾಗಿ ಆಕೆ ಸತ್ತಳು. ಸುಪ್ರೀಂ ಕೋರ್ಟಿನಲ್ಲಿ, ಆಕೆ ಅತಿಕ್ರಮವಾಗಿ ಬಂದವಳು, ಇದು ನನ್ನ ಆಸ್ತಿ ರಕ್ಷಣೆ ಎಂದು ವಾದಿಸಿದ. ಚೆರೂಬಿನ್ ಗ್ರೆಗೊರಿ ಪ್ರಕರಣ ಎಂದು ಹೆಸರಾದ ಆ ತೀರ್ಪಿನಲ್ಲಿ ನ್ಯಾಯಾಲಯ ಹೇಳಿದ್ದಿಷ್ಟು: ಅತಿಕ್ರಮಣ ಮಾಡಿದಾಕ್ಷಣ ಯಾರೂ ಕಾನೂನಿನ ಹೊರಗೆ ಬೀಳುವುದಿಲ್ಲ. ನಿರ್ಲಕ್ಷ್ಯದಿಂದ ಸಾವು ತಂದ ಅಪರಾಧಕ್ಕೆ ಆದ ಶಿಕ್ಷೆ ಖಾಯಂ ಆಯಿತು.

ಎರಡನೆಯದು ದಕ್ಷಿಣ ಆಫ್ರಿಕಾದ್ದು, 1967ರದ್ದು. ಅಂಗಡಿಗೆ ಮೇಲಿಂದ ಮೇಲೆ ಕನ್ನ ಬಿದ್ದು ಬೇಸತ್ತ ವ್ಯಾಪಾರಿಯೊಬ್ಬ ಒಳಗೆ ಬಂದೂಕು ಕಟ್ಟಿ, ಬಾಗಿಲು ಮುರಿದು ಬಂದವನ ಕಾಲಿಗೆ ಗುಂಡು ತಾಗುವಂತೆ ಗುರಿ ಇಟ್ಟ, ಹೊರಗೆ ಎಚ್ಚರಿಕೆಯ ಬರಹವನ್ನೂ ಅಂಟಿಸಿದ. ಬಂದವನು ಸತ್ತ. ಫಾನ್ ವೈಕ್ ಎಂದು ಹೆಸರಾದ ಪ್ರಕರಣದಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಆಸ್ತಿ ಉಳಿಸಿಕೊಳ್ಳಲು ಬೇರೆ ದಾರಿ ಇಲ್ಲದಾಗ ಪ್ರಾಣ ತೆಗೆಯುವುದೂ ಸಮರ್ಥನೀಯವಾಗಬಹುದು ಎಂದಿತು. ವರ್ಣಭೇದ ನೀತಿ ಆಳುತ್ತಿದ್ದ ಕಾಲದ ತೀರ್ಪು ಅದು ಎಂಬುದನ್ನು ಮರೆತು ಓದಿದರೆ ಅರ್ಧ ಮಾತ್ರ ಓದಿದಂತೆ. ಜೀವದ ಹಕ್ಕನ್ನು ಎತ್ತಿಹಿಡಿಯುವ ಈಗಿನ ಸಂವಿಧಾನದಡಿ ಅದು ನಿಲ್ಲುತ್ತದೆಯೇ ಎಂದು ಅಲ್ಲಿನ ವಕೀಲರು ಈಗಲೂ ಜಗಳವಾಡುತ್ತಾರೆ.

ಮೂರನೆಯದು ಅಮೆರಿಕದ ಅಯೋವಾ ರಾಜ್ಯದ್ದು. ಯಾರೂ ವಾಸವಿಲ್ಲದ ಹಳೆಯ ತೋಟದ ಮನೆ. ಅದರ ಒಡೆಯ ಮಲಗುವ ಕೋಣೆಯ ಮಂಚಕ್ಕೆ ಶಾಟ್‌ಗನ್ ಬಿಗಿದು, ಬಾಗಿಲ ಹಿಡಿಗೆ ತಂತಿ ಕಟ್ಟಿದ. ಮೊದಲು ಹೊಟ್ಟೆಯ ಎತ್ತರಕ್ಕೆ ಗುರಿ ಇಟ್ಟಿದ್ದನಂತೆ; ಹೆಂಡತಿ ಹೇಳಿದ್ದಕ್ಕೆ ಕಾಲಿನ ಮಟ್ಟಕ್ಕೆ ಇಳಿಸಿದ. 1967ರಲ್ಲಿ ಹಳೆಯ ಬಾಟಲಿ, ಜಾಡಿಗಳನ್ನು ಹುಡುಕಿಕೊಂಡು ಬಂದವನೊಬ್ಬ ಬಾಗಿಲು ತೆರೆದ, ಕಾಲು ಛಿದ್ರವಾಯಿತು. ಕಳ್ಳತನಕ್ಕೆ ಅವನಿಗೆ ಬಿದ್ದ ದಂಡ 50 ಡಾಲರ್. ಕಾಲಿಗಾಗಿ ಅವನು ಹೂಡಿದ ದಾವೆಯಲ್ಲಿ ಮನೆಯ ಒಡೆಯ ಕೊಡಬೇಕಾಗಿ ಬಂದದ್ದು 30,000 ಡಾಲರ್. 1971ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಬಂದೂಕಿನ ನಾಡೆಂದೇ ಹೆಸರಾದ ದೇಶ ಬಲೆಯ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಪಕ್ಕದಲ್ಲೇ ಕೂತಿದೆ. ನೀನು ಸ್ವತಃ ಅಲ್ಲಿದ್ದರೆ ಮಾಡುವಂತಿಲ್ಲದ್ದನ್ನು ನಿನ್ನ ಗೈರುಹಾಜರಿಯಲ್ಲಿ ಯಂತ್ರವೂ ಮಾಡುವಂತಿಲ್ಲ ಎಂಬುದು ಅಲ್ಲಿನ ತರ್ಕ. ತಂತಿಗೂ ಸ್ಪ್ರಿಂಗಿಗೂ ಕಳ್ಳ ಯಾರು, ದಾರಿ ತಪ್ಪಿ ಬಂದ ಮಗು ಯಾವುದು ಎಂದು ಗೊತ್ತಾಗುವುದಿಲ್ಲವಲ್ಲ.

ಓಡಬೇಕೇ, ನಿಲ್ಲಬೇಕೇ

ಹಳೆಯ ಇಂಗ್ಲಿಷ್ ಕಾನೂನು, ಜಗಳದಲ್ಲಿ ಸಿಕ್ಕಿಬಿದ್ದವನು ಬೆನ್ನಿಗೆ ಗೋಡೆ ತಾಗುವವರೆಗೆ ಹಿಂದೆ ಸರಿಯಬೇಕು, ಆಮೇಲಷ್ಟೇ ಕೊಲ್ಲಬಹುದು ಎನ್ನುತ್ತಿತ್ತು. ಮನೆಯೊಳಗಿದ್ದವನು ಮಾತ್ರ ಹಿಂದೆ ಸರಿಯಬೇಕಿರಲಿಲ್ಲ. ಅಮೆರಿಕದ ಓಹಾಯೋ, ಇಂಡಿಯಾನಾ ನ್ಯಾಯಾಲಯಗಳು 1870ರ ದಶಕದಲ್ಲೇ ಇದನ್ನು ಕಿತ್ತೆಸೆದವು. 1921ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹೋಮ್ಸ್, ಎತ್ತಿದ ಚಾಕುವಿನ ಎದುರು ನಿಂತವನಿಂದ ನಿರ್ಲಿಪ್ತ ಚಿಂತನೆಯನ್ನು ಕೇಳಲಾಗದು ಎಂದು ಬರೆದರು. ಹೀಗಿದ್ದೂ ನ್ಯೂಯಾರ್ಕ್ ಇಂದಿಗೂ, ಪೂರ್ಣ ಸುರಕ್ಷಿತವಾಗಿ ಜಾಗ ಬಿಡಲು ಸಾಧ್ಯವಿದೆ ಎಂದು ಗೊತ್ತಿದ್ದರೆ ಮಾರಕ ಬಲ ಬಳಸುವ ಮೊದಲು ಜಾಗ ಬಿಡು ಎನ್ನುತ್ತದೆ, ಸ್ವಂತ ಮನೆಯಲ್ಲಿದ್ದರೆ ಬೇಡ. ಫ್ಲಾರಿಡಾ 2005ರಲ್ಲಿ ತದ್ವಿರುದ್ಧ ದಾರಿ ಹಿಡಿದು, ಕಾನೂನುಬದ್ಧವಾಗಿ ಇರಬಹುದಾದ ಯಾವ ಜಾಗದಲ್ಲೂ ಓಡುವ ಬಾಧ್ಯತೆಯಿಲ್ಲ ಎಂದು ಬರೆಯಿತು. 'ನಿಂತಲ್ಲೇ ನಿಲ್ಲು' ಎಂಬ ಅಡ್ಡಹೆಸರಿನ ಈ ಮಾದರಿಯನ್ನು ಆಮೇಲೆ ಹಲವು ರಾಜ್ಯಗಳು ನಕಲು ಮಾಡಿದವು.

ಚರ್ಚೆಯೆಲ್ಲ ಈ 'ಓಡಬೇಕಿಲ್ಲ' ಎಂಬ ಘೋಷಣೆಯ ಸುತ್ತ ನಡೆಯುತ್ತದೆ. ನನಗೆ ಕಾಣುವಂತೆ ಫ್ಲಾರಿಡಾದ ಅಸಲಿ ಬದಲಾವಣೆ ಬೇರೆ ಕಡೆಯಿದೆ: ಆ ಕಾನೂನು ಆತ್ಮರಕ್ಷಣೆಯನ್ನು ವಿಚಾರಣೆಯಲ್ಲಿ ಮಂಡಿಸುವ ವಾದದಿಂದ ವಿಚಾರಣೆಯೇ ನಡೆಯದಂತೆ ಕಾಪಾಡುವ ಗುರಾಣಿಯಾಗಿ ಮಾಡಿತು. 2017ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಪೂರ್ವಭಾವಿ ಹಂತದಲ್ಲೇ ಆರೋಪಿಗೆ ಗುರಾಣಿ ಸಲ್ಲದು ಎಂದು ಪ್ರಬಲ ಸಾಕ್ಷ್ಯದೊಂದಿಗೆ ತೋರಿಸುವ ಹೊಣೆಯನ್ನು ಪ್ರಾಸಿಕ್ಯೂಷನ್ ತಲೆಗೆ ಕಟ್ಟಿತು. ಸತ್ತವನು ಸಾಕ್ಷಿ ಹೇಳಲಾರ ಎಂಬುದನ್ನು ನೆನಪಿಟ್ಟುಕೊಂಡರೆ ಈ ಬದಲಾವಣೆಯ ತೂಕ ತಿಳಿಯುತ್ತದೆ.

ಭಾರತದ ನ್ಯಾಯಾಲಯಗಳು ಈ ವಿಷಯದಲ್ಲಿ ನಾವು ಅಂದುಕೊಂಡಿರುವಷ್ಟು ಅಂಜುಬುರುಕವಲ್ಲ. ಹಲ್ಲೆಗೊಳಗಾದವನು ಓಡಿಹೋಗಬೇಕಿತ್ತು ಎಂದು ಕಾನೂನು ಬಯಸುವುದಿಲ್ಲ, ತೂಗಿ ಅಳೆದು ಪೆಟ್ಟು ಕೊಡಬೇಕೆಂದೂ ಬಯಸುವುದಿಲ್ಲ ಎಂದು ಸುಪ್ರೀಂ ಕೋರ್ಟು 1963ರ ಜೈದೇವ್ ಪ್ರಕರಣದಲ್ಲಿ ಹೇಳಿತು. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಇನ್ನೂ ಬಿಚ್ಚಿ, ಹೇಡಿಯಂತೆ ನಡೆದುಕೊಳ್ಳಲು ಕಾನೂನು ಯಾರನ್ನೂ ಒತ್ತಾಯಿಸುವುದಿಲ್ಲ ಎಂದಿತು. ಆದರೆ ನಮ್ಮಲ್ಲಿ ಓಡುವ ಬಾಧ್ಯತೆಯ ಜಾಗದಲ್ಲಿ ಇನ್ನೊಂದು ಷರತ್ತು ಕೂತಿದೆ. ಪೊಲೀಸರ ರಕ್ಷಣೆ ಪಡೆಯಲು ಸಮಯವಿದ್ದಲ್ಲಿ ಖಾಸಗಿ ರಕ್ಷಣೆಯ, ಅಂದರೆ ಆತ್ಮರಕ್ಷಣೆಯ, ಹಕ್ಕೇ ಇಲ್ಲ ಎನ್ನುತ್ತದೆ 37ನೇ ಸೆಕ್ಷನ್. ನಾಳೆ ಹೊಲಕ್ಕೆ ಗುಂಪು ಕಟ್ಟಿಕೊಂಡು ಬರುತ್ತಾರೆ ಎಂದು ಇಂದೇ ಗೊತ್ತಾದವನು ಠಾಣೆಗೆ ಹೋಗಬೇಕು, ದೊಣ್ಣೆ ಕೂಡಿಸುವಂತಿಲ್ಲ. ಠಾಣೆ ಎಷ್ಟು ದೂರವಿದೆ, ಅಲ್ಲಿ ದೂರು ತೆಗೆದುಕೊಳ್ಳುತ್ತಾರೆಯೇ ಎಂಬುದು ಕಲಮಿನಲ್ಲಿಲ್ಲ.

ಯಾರ ಭಯ?

1984ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ನಾಲ್ವರು ಕಪ್ಪು ಯುವಕರಲ್ಲಿ ಒಬ್ಬ ಬಿಳಿಯ ಪ್ರಯಾಣಿಕನ ಬಳಿ ಐದು ಡಾಲರ್ ಕೇಳಿದ. ಪ್ರಯಾಣಿಕ ಎದ್ದು ನಾಲ್ವರಿಗೂ ಗುಂಡು ಹಾರಿಸಿದ. ಒಬ್ಬನ ಬೆನ್ನುಹುರಿ ತುಂಡಾಯಿತು. ತನಗೆ ನಿಜಕ್ಕೂ ಭಯವಾಗಿತ್ತು ಎಂದ. ಸಾಕೇ? ರಾಜ್ಯದ ಅತ್ಯುಚ್ಚ ನ್ಯಾಯಾಲಯ 1986ರಲ್ಲಿ ಸಾಲದು ಎಂದಿತು: ಭಯ ಪ್ರಾಮಾಣಿಕವಾಗಿದ್ದರೆ ಮುಗಿಯಲಿಲ್ಲ, ಅದೇ ಪರಿಸ್ಥಿತಿಯಲ್ಲಿ ವಿವೇಕವಂತನಾದ ಮನುಷ್ಯನಿಗೂ ಆಗುವಂಥ ಭಯವಾಗಿರಬೇಕು. ಇಷ್ಟು ಹೇಳಿದ ಮೇಲೂ ಜ್ಯೂರಿ ಅವನನ್ನು ತಪ್ಪಿತಸ್ಥ ಎಂದದ್ದು ಪರವಾನಗಿಯಿಲ್ಲದ ಬಂದೂಕಿಗೆ ಮಾತ್ರ. ಆಗಿನ ನ್ಯೂಯಾರ್ಕಿನಲ್ಲಿ 'ವಿವೇಕವಂತ' ಯಾರು ಎಂಬುದಕ್ಕೆ ಹನ್ನೆರಡು ಜನ ಕೊಟ್ಟ ಉತ್ತರ ಅದು.

ಇಂಗ್ಲೆಂಡಿನಲ್ಲಿ ಈ ಅಳತೆ ಬೇರೆ. 1983ರ ಗ್ಲ್ಯಾಡ್‌ಸ್ಟನ್ ವಿಲಿಯಮ್ಸ್ ಪ್ರಕರಣದಲ್ಲಿ ಬಸ್ಸಿನಲ್ಲಿ ಹೋಗುತ್ತಿದ್ದವನೊಬ್ಬ, ಬೀದಿಯಲ್ಲಿ ಯಾರೋ ಒಬ್ಬ ಹುಡುಗನನ್ನು ಎಳೆದಾಡುತ್ತಿರುವುದನ್ನು ಕಂಡು ಇಳಿದು ಬಂದು ಎಳೆದಾಡುತ್ತಿದ್ದವನಿಗೆ ಗುದ್ದಿದ. ಹುಡುಗ ಮಹಿಳೆಯೊಬ್ಬಳನ್ನು ದೋಚಿ ಓಡುತ್ತಿದ್ದವನು, ಎಳೆದಾಡುತ್ತಿದ್ದವನು ಅವನನ್ನು ಹಿಡಿಯಲು ಹೊರಟವನು ಎಂದು ಆಮೇಲೆ ತಿಳಿಯಿತು. ಗುದ್ದಿದವನು ಕಂಡಂತೆ ಸಂಗತಿ ಇದ್ದಿದ್ದರೆ ಅವನು ಮಾಡಿದ್ದು ಸರಿಯೇ ಎಂದು ನೋಡಬೇಕು, ತಪ್ಪು ತಿಳಿವಳಿಕೆ ಅವಿವೇಕದ್ದಾದರೂ ಪ್ರಾಮಾಣಿಕವಾಗಿದ್ದರೆ ಸಾಕು ಎಂದಿತು ನ್ಯಾಯಾಲಯ. ಕುಡಿದ ಅಮಲಿನ ತಪ್ಪು ಮಾತ್ರ ಲೆಕ್ಕಕ್ಕಿಲ್ಲ. ಅಳತೆ ಮೃದುವಾದಷ್ಟೂ ಒಳ್ಳೆಯದು ಅನ್ನಿಸಬಹುದು, ನಾವು ಹೊಡೆಯುವವರ ಜಾಗದಲ್ಲಿದ್ದರೆ. 1992ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಪಾರ್ಟಿಗೆ ಹೊರಟು ತಪ್ಪು ಮನೆಯ ಬಾಗಿಲು ತಟ್ಟಿದ ಹದಿನಾರರ ಜಪಾನಿ ವಿದ್ಯಾರ್ಥಿಯ ಜಾಗದಲ್ಲಿ ನಿಂತರೆ ಬೇರೆ ಕಾಣುತ್ತದೆ. 'ಫ್ರೀಜ್' (ಅಲ್ಲಾಡದೆ ನಿಲ್ಲು) ಎಂದದ್ದು ತಿಳಿಯದೆ ಹುಡುಗ ಮುಂದೆ ಬಂದ, ಮನೆಯವನು ಎದೆಗೆ ಗುಂಡು ಹೊಡೆದ. ಕ್ರಿಮಿನಲ್ ಕೇಸಿನಲ್ಲಿ ಬಿಡುಗಡೆಯಾಯಿತು. ಸಿವಿಲ್ ದಾವೆಯಲ್ಲಿ ಅದೇ ಸಂಗತಿಗಳ ಮೇಲೆ ಆರೂವರೆ ಲಕ್ಷ ಡಾಲರ್ ಪರಿಹಾರದ ಆದೇಶವಾಯಿತು.

ಗೆರೆ ದಾಟಿದ ಮೇಲೆ

ಹಕ್ಕಿತ್ತು, ಆದರೆ ಮೀರಿತು. ನಾಲ್ಕು ಏಟು ಸಾಕಿದ್ದಲ್ಲಿ ಆರು ಬಿತ್ತು, ಆರನೆಯದಕ್ಕೆ ಪ್ರಾಣ ಹೋಯಿತು. ನ್ಯಾಯಾಲಯಕ್ಕೆ ಬರುವ ಬಹಳಷ್ಟು ಪ್ರಕರಣಗಳ ನಿಜವಾದ ಜಗಳ ಇದೇ.

ಇಂಗ್ಲೆಂಡಿನಲ್ಲಿ ಇದಕ್ಕೆ ನಡುದಾರಿ ಇಲ್ಲ. ಬಲ ಸಮಂಜಸವಾಗಿತ್ತೆಂದರೆ ಪೂರ್ಣ ಬಿಡುಗಡೆ, ಇಲ್ಲವೆಂದರೆ ಕೊಲೆ, ಕೊಲೆಗೆ ಕಡ್ಡಾಯ ಜೀವಾವಧಿ. ಬೆಲ್‌ಫಾಸ್ಟಿನ ತಪಾಸಣೆಯಲ್ಲಿ ನಿಲ್ಲದೆ ನುಗ್ಗಿದ ಕಾರಿನ ಮೇಲೆ ಸೈನಿಕನೊಬ್ಬ ಹಾರಿಸಿದ ಗುಂಡುಗಳಲ್ಲಿ ಕೊನೆಯದು ಕಾರು ದಾಟಿಹೋದ ಮೇಲೆ ಹಾರಿದ್ದು ಎಂದು ತೀರ್ಮಾನವಾದಾಗ, 1995ರಲ್ಲಿ, ಆಗ ಅಲ್ಲಿನ ಅತ್ಯುಚ್ಚ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಇದು ಕೊಲೆಯೇ ಎಂದಿತು. ಬೇಸರವಾದರೂ ನಡುದಾರಿ ಮಾಡುವುದು ಸಂಸತ್ತಿನ ಕೆಲಸ ಎಂದು ಕೈಚೆಲ್ಲಿತು. (ಆ ಸೈನಿಕ ಮುಂದೆ ಹೊಸ ಸಾಕ್ಷ್ಯದ ಮೇಲೆ ಕೊಲೆ ಆರೋಪದಿಂದ ಪಾರಾದ, ಅದು ಬೇರೆ ಕತೆ.)

ಮೆಕಾಲೆಯ ಸಂಹಿತೆ ಈ ನಡುದಾರಿಯನ್ನು ಹತ್ತೊಂಬತ್ತನೇ ಶತಮಾನದಲ್ಲೇ ಹಾಕಿತ್ತು. ಸದುದ್ದೇಶದಿಂದ, ಮೊದಲೇ ಹೂಡಿದ ಸಂಚಿಲ್ಲದೆ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವ ಇರಾದೆಯಿಲ್ಲದೆ ಹಕ್ಕನ್ನು ಮೀರಿ ಕೊಂದರೆ ಅದು ಕೊಲೆಯಲ್ಲ, ಕೊಲೆಯಲ್ಲದ ದಂಡನೀಯ ನರಹತ್ಯೆ. ಈಗ ನ್ಯಾಯ ಸಂಹಿತೆಯ 101ನೇ ಸೆಕ್ಷನ್ನಿನ ಎರಡನೇ ವಿನಾಯಿತಿಯಾಗಿರುವ ಈ ಕೆಲವು ಸಾಲುಗಳು ಗಲ್ಲಿಗೂ ಹತ್ತು ವರ್ಷದ ಜೈಲಿಗೂ ನಡುವಿನ ಅಂತರ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲೂ ಇಂಥದೊಂದು ಕಲಮಿದೆ. ಜಪಾನಿನ 36ನೇ ವಿಧಿ ಅತಿಯಾದ ರಕ್ಷಣೆಗೆ ಶಿಕ್ಷೆ ತಗ್ಗಿಸಲು, ಬೇಕೆಂದರೆ ಪೂರ್ತಿ ಮನ್ನಿಸಲು ನ್ಯಾಯಾಧೀಶರಿಗೆ ಬಿಡುತ್ತದೆ. ಜರ್ಮನಿಯ 33ನೇ ಕಲಮು ಇವೆಲ್ಲಕ್ಕಿಂತ ಮನುಷ್ಯಸಹಜವಾದದ್ದು ಅನ್ನಿಸುತ್ತದೆ ನನಗೆ: ಗೊಂದಲ, ಭಯ, ದಿಗಿಲಿನಿಂದ ಮಿತಿ ಮೀರಿದವನಿಗೆ ಶಿಕ್ಷೆಯೇ ಇಲ್ಲ. ಸಿಟ್ಟಿನಿಂದ ಮೀರಿದವನಿಗೆ ಆ ಬಾಗಿಲು ಮುಚ್ಚಿದೆ. ಕೈ ಒಂದೇ ಥರ ನಡುಗಿದರೂ ಯಾವುದಕ್ಕೆ ನಡುಗಿತು ಎಂದು ಅದು ಕೇಳುತ್ತದೆ.

ಇಟಲಿ 2019ರಲ್ಲಿ ಮನೆಗೆ ನುಗ್ಗಿದವರ ವಿರುದ್ಧದ ರಕ್ಷಣೆ 'ಯಾವಾಗಲೂ' ಹಲ್ಲೆಗೆ ತಕ್ಕ ಅನುಪಾತದಲ್ಲೇ ಇದೆಯೆಂದು ಪರಿಗಣಿಸಬೇಕು ಎಂದು ಬರೆದುಕೊಂಡಿತು. ಚುನಾವಣಾ ಭಾಷಣದಿಂದ ನೇರವಾಗಿ ಗೆಜೆಟ್ಟಿಗೆ ಇಳಿದ ಪದ ಅದು.

ಚೀನಾದ ಕತೆ ಇನ್ನೂ ಕುತೂಹಲದ್ದು. 1997ರಲ್ಲಿ ತಿದ್ದಿದ ಕ್ರಿಮಿನಲ್ ಕಾನೂನಿನ 20ನೇ ವಿಧಿ ಕೊಲೆ, ಸುಲಿಗೆ, ಅತ್ಯಾಚಾರದಂಥ ಘೋರ ಹಲ್ಲೆಯ ಎದುರು ಹಲ್ಲೆಕೋರ ಸತ್ತರೂ ರಕ್ಷಣೆ ಅತಿಯಾಯಿತು ಎನ್ನುವಂತಿಲ್ಲ ಎಂದು ಹೇಳುತ್ತದೆ. ಕಾಗದದ ಮೇಲೆ ನಮ್ಮದಕ್ಕಿಂತ ಉದಾರ. ಆದರೆ ಅದು ಇಪ್ಪತ್ತು ವರ್ಷ ಮಲಗಿಯೇ ಇತ್ತು. ಯಾರಿಗೆ ಹೆಚ್ಚು ಪೆಟ್ಟು ಬಿತ್ತೋ ಅವರ ಕಡೆಯೇ ನ್ಯಾಯ ಎಂಬುದು ಪೊಲೀಸರ, ನ್ಯಾಯಾಲಯಗಳ ರೂಢಿಯಾಗಿತ್ತು. 2018ರ ಆಗಸ್ಟ್‌ನಲ್ಲಿ ಕುನ್‌ಶಾನ್ ನಗರದಲ್ಲಿ ಬಿಎಂಡಬ್ಲ್ಯು ಕಾರಿನವನು ಸೈಕಲ್ ಪಥಕ್ಕೆ ನುಗ್ಗಿ, ಜಗಳ ತೆಗೆದು, ಕಾರಿನಿಂದ ಉದ್ದನೆಯ ಕತ್ತಿ ತಂದು ಸೈಕಲ್ಲಿನವನಿಗೆ ಬಾರಿಸತೊಡಗಿದ. ಕತ್ತಿ ಕೈಜಾರಿ ಬಿತ್ತು. ಸೈಕಲ್ಲಿನವನು ಅದನ್ನೇ ಎತ್ತಿ ಇರಿದ, ಕಾರಿನತ್ತ ಓಡಿದವನನ್ನು ಬೆನ್ನಟ್ಟಿದ. ಕಾರಿನವನು ಸತ್ತ. ಸಿಸಿಟಿವಿಯ ಆ ತುಣುಕನ್ನು ದೇಶವೇ ನೋಡಿತು. ಐದೇ ದಿನಕ್ಕೆ ಪೊಲೀಸರು ಇದು ಆತ್ಮರಕ್ಷಣೆ ಎಂದು ಕೇಸು ಮುಚ್ಚಿದರು. ಮತ್ತೆ ಅದೇ ಓಡುವ ಬೆನ್ನು, ಆದರೆ ಅವರ ಓದು ಬೇರೆ: ಕತ್ತಿ ತಂದ ಕಾರಿನತ್ತಲೇ ಅವನು ಓಡುತ್ತಿದ್ದ, ಅಪಾಯ ಮುಗಿದಿತ್ತು ಎನ್ನಲಾಗದು. 2020ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೂ ಪ್ರಾಸಿಕ್ಯೂಷನ್ ಮತ್ತು ಪೊಲೀಸ್ ಇಲಾಖೆಗಳೂ ಸೇರಿ ಮಾರ್ಗಸೂಚಿ ಹೊರಡಿಸಿ, ಎಲ್ಲ ಮುಗಿದ ಮೇಲೆ ತಣ್ಣಗೆ ಕೂತು ತಪ್ಪು ಹುಡುಕಬೇಡಿ ಎಂದು ಕೆಳಗಿನವರಿಗೆ ಹೇಳಬೇಕಾಯಿತು. ಕಲಮಿನ ಒಂದಕ್ಷರವೂ ಬದಲಾಗಲಿಲ್ಲ.

ಅಪಾಯ ಯಾವಾಗ ಶುರು, ಯಾವಾಗ ಮುಕ್ತಾಯ ಎಂಬ ಈ ಗಡಿಯಾರ ಇಬ್ಬರು ಗಂಡಸರ ಬೀದಿ ಜಗಳಕ್ಕೆ ಹೊಂದುವಷ್ಟು ಚೆನ್ನಾಗಿ ಮನೆಯೊಳಗಿನ ಹಿಂಸೆಗೆ ಹೊಂದುವುದಿಲ್ಲ. ಕೆನಡಾದ ಲವಾಲೀ ಪ್ರಕರಣದಲ್ಲಿ ವರ್ಷಗಟ್ಟಲೆ ಹೊಡೆತ ತಿಂದ ಹೆಣ್ಣು, ಅತಿಥಿಗಳು ಹೋದ ಮೇಲೆ ನೋಡಿಕೊಳ್ಳುತ್ತೇನೆ ಎಂದು ಬೆದರಿಸಿ ಕೋಣೆಯಿಂದ ಹೊರಟ ಸಂಗಾತಿಯ ತಲೆಯ ಹಿಂಭಾಗಕ್ಕೆ ಗುಂಡು ಹಾರಿಸಿದಳು. ಅಲ್ಲೂ ಕಂಡದ್ದು ಬೆನ್ನೇ. 1990ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆಕೆಯ ಬಿಡುಗಡೆಯನ್ನು ಎತ್ತಿಹಿಡಿಯಿತು. ಹಲ್ಲೆ ಶುರುವಾಗುವವರೆಗೆ ಕಾಯಿ ಎಂದು ಇಂಥ ಹೆಣ್ಣಿಗೆ ಹೇಳುವುದು ಆಕೆಯನ್ನು ಕಂತಿನ ಮೇಲೆ ಕೊಲೆಯಾಗಲು ಬಿಟ್ಟಂತೆ ಎಂಬ ಮಾತನ್ನು ನ್ಯಾಯಮೂರ್ತಿ ಬರ್ತಾ ವಿಲ್ಸನ್ ತೀರ್ಪಿಗೆ ತಂದರು. 2013ರಲ್ಲಿ ಜಾರಿಗೆ ಬಂದ ಅಲ್ಲಿನ ಹೊಸ ಕಲಮು ಇಬ್ಬರ ಸಂಬಂಧದ ಹಿಂದಿನ ಚರಿತ್ರೆಯನ್ನೂ ತೂಗಬೇಕೆಂದು ಬಿಡಿಸಿ ಬರೆಯಿತು. ನಮ್ಮ 40ನೇ ಸೆಕ್ಷನ್ನಿನಲ್ಲಿ, ಹಲ್ಲೆಯ ಪ್ರಯತ್ನ ಮಾತ್ರವಲ್ಲ, ಬೆದರಿಕೆಯಿಂದ ಹುಟ್ಟಿದ ಸಮಂಜಸ ಭಯದ ಕ್ಷಣದಿಂದಲೇ ಹಕ್ಕು ಶುರು ಎಂದಿದೆ. ಆ 'ಬೆದರಿಕೆ' ಎಂಬ ಪದದಲ್ಲಿ ಲವಾಲೀಯಂಥವಳಿಗೆ ಜಾಗವಿದೆ ಎಂದೇ ನನ್ನ ಓದು.

ಇನ್ನು ಸಾಬೀತಿನ ಹೊಣೆ. ಇಂಗ್ಲೆಂಡಿನಲ್ಲಿ ಆರೋಪಿ ಆತ್ಮರಕ್ಷಣೆಯ ಪ್ರಶ್ನೆ ಎತ್ತಿದರೆ, ಅದು ಆತ್ಮರಕ್ಷಣೆ ಅಲ್ಲ ಎಂದು ಸಂಶಯಾತೀತವಾಗಿ ತೋರಿಸುವುದು ಪ್ರಾಸಿಕ್ಯೂಷನ್ ಕೆಲಸ. ಅಮೆರಿಕದಲ್ಲಿ ಆರೋಪಿಯೇ ಸಾಬೀತುಪಡಿಸಬೇಕು ಎಂದು ಕೊನೆಯವರೆಗೂ ಹಟ ಹಿಡಿದಿದ್ದ ಓಹಾಯೋ ಕೂಡ 2019ರಲ್ಲಿ ಬದಲಾಯಿತು. ಭಾರತದಲ್ಲಿ ಹೊಣೆ ಇಂದಿಗೂ ಆರೋಪಿಯದೇ, ಹಿಂದೆ ಸಾಕ್ಷ್ಯ ಕಾಯ್ದೆಯ 105ನೇ ಸೆಕ್ಷನ್, ಈಗ ಸಾಕ್ಷ್ಯ ಅಧಿನಿಯಮದ 108. ಆದರೆ ಸುಪ್ರೀಂ ಕೋರ್ಟು ಅದನ್ನು ಬಹಳ ಹಗುರ ಮಾಡಿದೆ. ಹೀಗೆ ನಡೆದಿರುವ ಸಂಭವವೇ ಹೆಚ್ಚು ಎನ್ನಿಸುವಂತೆ ತೋರಿಸಿದರೆ ಸಾಕು. 1968ರ ಮುನ್ಷಿ ರಾಮ್ ತೀರ್ಪಿನ ಪ್ರಕಾರ ಆರೋಪಿ ಬಾಯಿಬಿಟ್ಟು ಆತ್ಮರಕ್ಷಣೆ ಎನ್ನದಿದ್ದರೂ, ಪ್ರಾಸಿಕ್ಯೂಷನ್ನಿನ ಸಾಕ್ಷ್ಯದಲ್ಲೇ ಅದು ಕಂಡುಬಂದರೆ ನ್ಯಾಯಾಲಯ ಪರಿಗಣಿಸಬೇಕು.

ಇದು ಕಾಣುವುದು ಎಲ್ಲಿ? ಹೆಚ್ಚಾಗಿ ಗಾಯದ ಪ್ರಮಾಣಪತ್ರದಲ್ಲಿ. ಹೊಡೆದಾಟದಲ್ಲಿ ಆರೋಪಿಗೂ ಪೆಟ್ಟು ಬಿದ್ದಿರುತ್ತದೆ. ಆ ಗಾಯಗಳು ಹೇಗಾದವು ಎಂದು ಪ್ರಾಸಿಕ್ಯೂಷನ್ ವಿವರಿಸದೆ ಹೋದರೆ ಅದರ ಕತೆಯೇ ಅನುಮಾನಕ್ಕೆ ಬೀಳುತ್ತದೆ ಎಂದು 1976ರ ಲಕ್ಷ್ಮೀ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ಪೊಲೀಸರ ಭಯಕ್ಕೆ ಎರಡು ದಿನ ತಲೆಮರೆಸಿಕೊಂಡವನ, ಮೈಮೇಲಿನ ಕಂದುಗಾಯವನ್ನು ಯಾವ ವೈದ್ಯರಿಗೂ ತೋರಿಸದವನ ಕಡತದಲ್ಲಿ ಆ ಹಾಳೆ ಇರುವುದಿಲ್ಲ. ಏಳೆಂಟು ದಿನಕ್ಕೆ ಗಾಯ ಮಾಯುತ್ತದೆ, ವಿಚಾರಣೆ ಶುರುವಾಗಲು ವರ್ಷಗಳು ಹಿಡಿಯುತ್ತವೆ.